ಅಪ್ಪಾಜಿಯ ಅಂಗಾಲು ಉರಿ ತಾನಾಗಿಯೇ ನಿಂತಿದೆ. ಇದು ಒಳ್ಳೆಯದೋ ಕೆಟ್ಟದ್ದೋ?

ಬ್ಯಾಡಗಿಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪಾಜಿಗೆ 58 ವರ್ಷ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಶುಗರ್ ಬಂದು 12 ವರ್ಷ ಆಯಿತು. ಮೆಟ್‌ಫಾರ್ಮಿನ್ 1000 ಬೆಳಿಗ್ಗೆ ಒಂದು, ರಾತ್ರಿ ಒಂದು. ಮಾತ್ರೆ ತಪ್ಪಿಸುವವರಲ್ಲ. ಆದರೆ ಸೀಸನ್ ಬಂತು ಅಂದರೆ ಊಟಕ್ಕೆ ಹೊತ್ತು ಗೊತ್ತು ಇಲ್ಲ. ದಿನಕ್ಕೆ ಎಂಟು ಹತ್ತು ತಾಸು ಯಾರ್ಡಿನಲ್ಲಿ ನಿಂತೇ ಇರುತ್ತಾರೆ.

ಎರಡು ವರ್ಷದ ಹಿಂದೆ ಅಂಗಾಲು ಉರಿ ಶುರುವಾಯಿತು. ಹಗಲು ಅಷ್ಟಿಲ್ಲ, ರಾತ್ರಿ ಮಲಗಿದ ಮೇಲೆ ಜಾಸ್ತಿ. ಹೊದಿಕೆ ತಾಕಿದರೂ ತಡೆಯುತ್ತಿರಲಿಲ್ಲ. ಎದ್ದು ಕುಳಿತು ಎರಡೂ ಕಾಲನ್ನು ತಣ್ಣನೆ ಕಡಪಾ ಕಲ್ಲಿನ ಮೇಲೆ ಇಟ್ಟುಕೊಂಡು ಗೋಡೆಗೆ ಒರಗುತ್ತಿದ್ದರು. ಎಷ್ಟು ಉರಿ ಅಂತ ಕೇಳಿದರೆ, "ಇದು ನಮ್ಮ ಬ್ಯಾಡಗಿ ಕಾಯಿ ಉರಿ ಅಲ್ಲವ್ವಾ, ಗುಂಟೂರು ಕಾಯಿ ಅರೆದು ಹಚ್ಚಿದಂಗ ಐತಿ" ಅನ್ನುತ್ತಿದ್ದರು. (ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗೊತ್ತಿಲ್ಲದವರಿಗೆ ಹೇಳಿದೆ.) ಆಗ ಊರಿನ ಡಾಕ್ಟರು ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ತಿಂಗಳು ತಿಂದರು, ಬಿಟ್ಟರು.

ಈ ಸಲ ದೀಪಾವಳಿ ಆದ ಮೇಲೆ ಉರಿ ತಾನಾಗಿಯೇ ಇಳಿಯುತ್ತಾ ಬಂತು. ಈಗ ಪೂರ್ತಿ ನಿಂತಿದೆ. ಅವರಿಗೆ ಖುಷಿಯೋ ಖುಷಿ. ಅವ್ವ ಹರಕೆ ಹೊತ್ತಿದ್ದಳಂತೆ, ಹೋಗಿ ತೀರಿಸಿಯೂ ಬಂದಳು.

ನನಗೆ ಮಾತ್ರ ಸಮಾಧಾನ ಇಲ್ಲ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಅಪ್ಪಾಜಿಗೆ ಗೊತ್ತಾಗುವುದಿಲ್ಲ. ಹಮಾಲರು ಕೂಗುತ್ತಾರೆ, "ಸಾವ್ಕಾರ್ರ, ಚಪ್ಲಿ ಇಲ್ಲೇ ಉಳೀತು" ಅಂತ. ಅದನ್ನು ಎಲ್ಲರೂ ತಮಾಷೆ ಮಾಡಿಕೊಂಡಿದ್ದಾರೆ.

ಮೊನ್ನೆ ರಾತ್ರಿ ಅವರ ಚಪ್ಪಲಿ ಎತ್ತಿಡಲು ಹೋದರೆ ಕೈಗೆ ಏನೋ ಚುಚ್ಚಿತು. ನೋಡಿದರೆ ದಬ್ಬಣದ ಮುರಿದ ತುದಿ, ಗೋಣಿಚೀಲ ಹೊಲಿಯುತ್ತಾರಲ್ಲ, ಅದು. ರಬ್ಬರ್ ತೂರಿಕೊಂಡು ಮೇಲೆ ಬಂದಿತ್ತು. ಓಡಿಹೋಗಿ ಅಪ್ಪಾಜಿಯ ಅಂಗಾಲು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ತೂತು, ಸುತ್ತ ಒಣಗಿದ ರಕ್ತ. ಬೆಳಿಗ್ಗೆಯಿಂದ ಅದರ ಮೇಲೆಯೇ ನಡೆದಾಡಿದ್ದಾರೆ. "ನೋವಾಗಲಿಲ್ಲೇನು?" ಅಂದರೆ "ಏನೂ ಇಲ್ಲಲ್ಲ" ಅಂದರು. ಅವ್ವ ಅರಿಶಿನ ಹಚ್ಚಿದಳು, ಮಲಗಿದರು. ಇವತ್ತು ಬೆಳಿಗ್ಗೆ ಅಂಗಡಿಗೂ ಹೋಗಿದ್ದಾರೆ.

ಉರಿ ನಿಂತರೆ ನರ ಸರಿಹೋಯಿತು ಅಂತಲೇ ಅರ್ಥವೇ? ಇದಕ್ಕೆಲ್ಲ ಶುಗರ್ ಒಂದೇ ಕಾರಣವೋ, ಬೇರೆ ಏನಾದರೂ ನೋಡಿಸಬೇಕೋ? ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಭಾನುವಾರ ಮಾತ್ರ ಊರಿನಲ್ಲಿ ಇರುತ್ತೇನೆ. ಅವ್ವನಿಗೆ ಏನು ಹೇಳಿ ಹೋಗಲಿ?

ಎಣ್ಣೆಸ್ನಾನ

ಸಕ್ಕರೆ ಕಾಯಿಲೆಯವರಿಗೆ ಇದೆಲ್ಲ ಇದ್ದದ್ದೇ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅರ್ಧ ಗಂಟೆ ಕಾಲು ಇಟ್ಟುಕೊಳ್ಳಲಿ. ಆಮೇಲೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ. ರಕ್ತ ಓಡಾಡಿದರೆ ಸ್ಪರ್ಶ ತಾನಾಗಿ ಬರುತ್ತದೆ. ನಮ್ಮ ಅತ್ತೆಗೆ ಇದರಿಂದಲೇ ವಾಸಿಯಾಯಿತು.

ಹಳೇಡ್ರೈವರ್

ಅಮ್ಮಾ, ಇದನ್ನು ಓದುವ ಹೊತ್ತಿಗೆ ನಿಮ್ಮ ಅಪ್ಪಾಜಿ ಇನ್ನೂ ಡಾಕ್ಟರ ಹತ್ತಿರ ಹೋಗಿಲ್ಲ ಅಂದರೆ, ಫೋನ್ ಕೆಳಗಿಟ್ಟು ಕರೆದುಕೊಂಡು ಹೋಗಿ. ಉಳಿದದ್ದನ್ನು ವಾಪಸ್ ಬಂದು ಓದಿ. ಚಪ್ಪಲಿ ತೂರಿ ಬಂದ ಮೊಳೆ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳ ಇರುತ್ತದೆ. ಮೇಲಿನ ಬಾಯಿ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ, ಮೂಳೆಗೂ ಹೋಗಬಹುದು. ತುದಿ ಒಳಗೇ ಮುರಿದು ಉಳಿದಿದೆಯೋ ಅಂತ ಎಕ್ಸ್‌ರೇ ತೆಗೆಸಿ, ಕಬ್ಬಿಣ ಆದ್ದರಿಂದ ಕಾಣುತ್ತದೆ. ಟಿಟಿ ಇಂಜೆಕ್ಷನ್ ಕೇಳಿ. ಅಲ್ಲಿಯ ತನಕ ಆ ಕಾಲಿನ ಮೇಲೆ ಭಾರ ಬಿಡಬಾರದು.

ಮತ್ತೆ, ಮೇಲೆ ಬಿಸಿನೀರು ಅಂತ ಬರೆದಿದ್ದಾರಲ್ಲ, ದಯವಿಟ್ಟು ಬೇಡ. ಅವರ ಅತ್ತೆಗೆ ಏನಾಗಿತ್ತೋ ನನಗೆ ಗೊತ್ತಿಲ್ಲ. ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ಏನು ಮಾಡುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ನನ್ನ ಬಲಗಾಲಿನಲ್ಲಿ ಈಗ ಮೂರೇ ಬೆರಳು.

ನಾನು 31 ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಶಿವಮೊಗ್ಗ ಕಡೆಯವನು. ಬಾಳೆಬರೆ ಘಾಟಿ ಇಳಿದು ಕುಂದಾಪುರದ ರೂಟು ಬಹಳ ವರ್ಷ ಮಾಡಿದೆ. ನಿಮ್ಮ ಅಪ್ಪಾಜಿಯ ಹಾಗೆ ನನಗೂ ಮೊದಲು ಉರಿ. ಆಮೇಲೆ ಇರುವೆ ಹರಿದ ಹಾಗೆ. ಆಮೇಲೆ ಏನೂ ಇಲ್ಲ. ಹಳೆಯ ಬಸ್ಸುಗಳಲ್ಲಿ ಎಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತಿತ್ತು, ಬಾನೆಟ್ ಕಾವು ಎಡಗಾಲಿಗೆ ಸದಾ ಹೊಡೆಯುತ್ತಿತ್ತು. ಒಂದು ದಿನ ಕಂಡಕ್ಟರ್ ಬಾನೆಟ್ ಮೇಲೆ ಕೈ ಇಟ್ಟು "ಅಪ್ಪಾ!" ಅಂತ ಕೈ ಕೊಡವಿ, "ಅಣ್ಣಾ ಇದರ ಪಕ್ಕ ಹೇಗೆ ಕೂತಿದ್ದೀಯ?" ಅಂದ. ಆಗ ಹೊಳೆಯಿತು, ಎಷ್ಟೋ ದಿನದಿಂದ ನನಗೆ ಕಾವೇ ಗೊತ್ತಾಗಿಲ್ಲ. ಅದನ್ನೂ ಅಭ್ಯಾಸ ಆಗಿಹೋಗಿದೆ ಅಂದುಕೊಂಡೆ.

ಆಮೇಲಿನದನ್ನು ಹೇಳಲು ನಾಚಿಕೆ. ಕ್ಲಚ್ ಮೇಲೆ ಕಾಲು ಇದೆಯೋ ಇಲ್ಲವೋ ಅಂತ ತಿಳಿಯಲು ಬಗ್ಗಿ ನೋಡಬೇಕಾಗುತ್ತಿತ್ತು. ಘಾಟಿಯಲ್ಲಿ, 50 ಜನರನ್ನು ಕೂರಿಸಿಕೊಂಡು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಸ್ಟೇರಿಂಗ್ ಬಿಡಿಸುತ್ತಾರೆ ಅನ್ನುವ ಹೆದರಿಕೆ. ಕೊನೆಗೆ ಒಂದು ಮಳೆಗಾಲದ ಸಂಜೆ ತಿರುವಿನಲ್ಲಿ ಬ್ರೇಕ್ ಅಂತ ಒತ್ತಿದೆ, ಬಸ್ಸು ಗುರ್ ಅಂದಿತು. ಕಾಲು ಆಕ್ಸಿಲರೇಟರ್ ಮೇಲಿತ್ತು. ಏನೂ ಆಗಲಿಲ್ಲ, ದೇವರು ದೊಡ್ಡವನು. ಮರುದಿನ ನಾನೇ ಹೋಗಿ ಹೇಳಿ ಡಿಪೋ ಒಳಗಿನ ಕೆಲಸ ಕೇಳಿಕೊಂಡೆ. ನಿಮ್ಮ ಅಪ್ಪಾಜಿ ಕಾರು, ಬೈಕು ಓಡಿಸುತ್ತಾರೆಯೇ? ಓಡಿಸಿದರೆ ಇದನ್ನೂ ಡಾಕ್ಟರಿಗೆ ಹೇಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉರಿ ನಿಂತರೆ ನರ ಸರಿಹೋಯಿತೇ ಅಂತ ಕೇಳಿದ್ದೀರಿ. ನನಗೆ ಡಾಕ್ಟರ ಭಾಷೆ ಬರುವುದಿಲ್ಲ, ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ಹಿಂದಿನ ದೀಪಕ್ಕೆ ಹೋಗುವ ವೈರು ಎಲ್ಲಕ್ಕಿಂತ ಉದ್ದ. ಹಾಳಾಗುವುದಿದ್ದರೆ ಮೊದಲು ಅದೇ. ನಮ್ಮ ಮೈಯಲ್ಲಿ ಸೊಂಟದಿಂದ ಕಾಲಿನ ಬೆರಳಿಗೆ ಹೋಗುವ ನರ ಮೂರು ಅಡಿಗೂ ಮೇಲೆ ಉದ್ದ. ಸಕ್ಕರೆ ಜಾಸ್ತಿ ಇದ್ದರೆ ನರಕ್ಕೂ ಪೆಟ್ಟು, ಆ ನರಕ್ಕೆ ರಕ್ತ ಕೊಡುವ ಕೂದಲಿನಂಥ ಸಣ್ಣ ನಾಳಗಳಿಗೂ ಪೆಟ್ಟು. ಅದಕ್ಕೇ ಎರಡೂ ಕಾಲಿನ ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಹಾಕಿದ ಹಾಗೆ ಮೇಲೆ ಏರುತ್ತದೆ. ವೈರಿನ ಮೇಲಿನ ರಬ್ಬರ್ ಕಿತ್ತುಹೋದಾಗ ಕಿಡಿ ಹಾರುತ್ತದೆ. ಅದು ಉರಿ. ವೈರೇ ತುಂಡಾದರೆ ಕಿಡಿಯೂ ಇಲ್ಲ, ದೀಪವೂ ಇಲ್ಲ. ಶುಗರ್ ಹತೋಟಿಗೆ ಬಂದು, ಔಷಧಿ ನಡೆದು ಉರಿ ಇಳಿದರೆ ಅದು ಬೇರೆ. ಏನೂ ಮಾಡದೆ ಇಳಿದು, ಜೊತೆಗೆ ಚಪ್ಪಲಿ ಬಿದ್ದದ್ದೂ ಗೊತ್ತಾಗುತ್ತಿಲ್ಲ ಅಂದರೆ ಅದು ವೈರು ತುಂಡಾದ ಲಕ್ಷಣ. ನನಗೂ ಆ ಆರು ತಿಂಗಳು ಬಹಳ ಸುಖ ಅನ್ನಿಸಿತ್ತು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

2016ರಲ್ಲಿ ರಿಟೈರ್ ಆದೆ. 2018ರ ಏಪ್ರಿಲ್‌ನಲ್ಲಿ ಮನೆಯವರ ಜೊತೆ ಹಂಪಿಗೆ ಹೋದೆ. ವಿರೂಪಾಕ್ಷ ದೇವರ ದರ್ಶನ ಮುಗಿಸಿ ಹೊರಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಅಂಗಳದ ಹಾಸುಗಲ್ಲು ಹೇಗೆ ಕಾದಿರುತ್ತದೆ ಅಂತ ಹೋದವರಿಗೆ ಗೊತ್ತು. ಇವಳು "ಅಯ್ಯೋ ಅಯ್ಯೋ" ಅಂತ ಕುಣಿದುಕೊಂಡು ನೆರಳಿಗೆ ಓಡಿದಳು. ಮಕ್ಕಳೂ ಓಡಿದರು. ನಾನು ನಿಧಾನಕ್ಕೆ ಕೈಕಟ್ಟಿ ಮೂರು ಸುತ್ತು ಬಂದೆ. ಅಕ್ಕಪಕ್ಕದವರು ನನ್ನ ಭಕ್ತಿ ನೋಡಿ ಕೈಮುಗಿದರು ಅಂತ ಕಾಣುತ್ತದೆ. ನನಗೂ ಸ್ವಲ್ಪ ಹೆಮ್ಮೆಯೇ.

ರಾತ್ರಿ ರೂಮಿನಲ್ಲಿ ಹಾಸಿಗೆ ಒದ್ದೆ. ನೀರು ಚೆಲ್ಲಿದೆ ಅಂದುಕೊಂಡೆ. ಅಂಗಾಲಿನ ಬೊಬ್ಬೆ ಒಡೆದಿತ್ತು. ಬಲಗಾಲಿನದು ಅಂಗೈ ಅಗಲ.

ಅಲ್ಲಿಂದ ಮುಂದೆ ಎಲ್ಲ ನನ್ನ ತಪ್ಪೇ. ಊರಿಗೆ ಬಂದು ಹತ್ತು ದಿನ ನಾನೇ ಮುಲಾಮು ಹಚ್ಚಿಕೊಂಡೆ. ನೋವಿಲ್ಲವಲ್ಲ, ಓಡಾಡಿದೆ. ಎರಡು ಬೆರಳಿನ ನಡುವೆ ಕೀವು ಬಂತು, ಬೆರಳು ಕಪ್ಪಾಯಿತು, ಜೂನ್‌ನಲ್ಲಿ ಕಿರುಬೆರಳು ಮತ್ತು ಅದರ ಪಕ್ಕದ್ದು ತೆಗೆದರು. ಗಾಯ ಮಾಯಲು ಐದು ತಿಂಗಳು.

ಆ ಐದು ತಿಂಗಳಲ್ಲಿ ಕಲಿತದ್ದನ್ನು ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳಿ.

ಬಸ್ಸು ಡಿಪೋದಿಂದ ತೆಗೆಯುವ ಮೊದಲು ಟೈರು ನೋಡುವುದು ನಮ್ಮ ಅಭ್ಯಾಸ. ಈಗ ಅದನ್ನೇ ಕಾಲಿಗೆ ಮಾಡುತ್ತೇನೆ, ದಿನಾ ರಾತ್ರಿ, ಊಟ ಆದ ಮೇಲೆ. ಬಗ್ಗಿ ಅಂಗಾಲು ನೋಡಲು ಹೊಟ್ಟೆ ಬಿಡುವುದಿಲ್ಲ. ಅದಕ್ಕೆ ಬಸ್ಸಿನ ಹಳೆಯ ಹಿಂದುನೋಟದ ಕನ್ನಡಿ ತಂದಿಟ್ಟುಕೊಂಡಿದ್ದೇನೆ. ನೆಲದ ಮೇಲೆ ಇಟ್ಟು, ಕುರ್ಚಿಯಲ್ಲಿ ಕುಳಿತು, ಅದರ ಮೇಲೆ ಪಾದ ಹಿಡಿದರೆ ಎಲ್ಲ ಕಾಣುತ್ತದೆ. ಕೆಂಪು, ಬೊಬ್ಬೆ, ಬಿರುಕು, ಉಗುರಿನ ಮೂಲೆ, ಬೆರಳ ಸಂದು. ನನ್ನ ಕಣ್ಣು ಮಂಜು, ಆದ್ದರಿಂದ ನಾನು ನೋಡಿದ ಮೇಲೆ ಮನೆಯವಳೂ ನೋಡುತ್ತಾಳೆ. ಕೈ ಹಿಂಬದಿಯಿಂದ ಮುಟ್ಟಿ ಎಲ್ಲಾದರೂ ಒಂದು ಕಡೆ ಮಾತ್ರ ಬಿಸಿ ಇದೆಯೇ ಅಂತ ನೋಡುತ್ತಾಳೆ.

ಒಂದು ಕಡೆ ಮಾತ್ರ ಟೈರು ಸವೆದರೆ ಅಲೈನ್‌ಮೆಂಟ್ ಹೋಗಿದೆ ಅಂತ ಅರ್ಥ, ಅಲ್ವಾ. ಅಂಗಾಲಿನಲ್ಲಿ ಅದಕ್ಕೆ ಆಣಿ ಕಟ್ಟುತ್ತದೆ. ನರ ಹೋದರೆ ಪಾದದ ಸಣ್ಣ ಸ್ನಾಯುಗಳೂ ಸೊರಗಿ ಬೆರಳುಗಳು ಬಾಗುತ್ತವೆ, ಭಾರವೆಲ್ಲ ಒಂದೇ ಜಾಗಕ್ಕೆ ಬೀಳುತ್ತದೆ. ಆ ದಪ್ಪ ಚರ್ಮದ ಅಡಿಯಲ್ಲೇ ಹುಣ್ಣು ಹುಟ್ಟುವುದು. ಆಣಿಯನ್ನು ಬ್ಲೇಡಿನಲ್ಲಿ ಕೊಯ್ದುಕೊಳ್ಳುವುದು, ಮೆಡಿಕಲ್ ಅಂಗಡಿಯ ಕಾರ್ನ್ ಪಟ್ಟಿ ಹಚ್ಚುವುದು ಎರಡೂ ಬೇಡ. ಆ ಪಟ್ಟಿಯಲ್ಲಿ ಆಸಿಡ್ ಇರುತ್ತದೆ, ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಬೆವರಿನ ನರವೂ ಹೋಗುವುದರಿಂದ ಕಾಲು ಒಣಗಿ ಹಿಮ್ಮಡಿ ಒಡೆಯುತ್ತದೆ. ಸ್ನಾನ ಆದ ಮೇಲೆ ತೆಂಗಿನೆಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಅಲ್ಲಿ ಒದ್ದೆ ನಿಂತರೆ ಹುಳುಕು ಹಿಡಿಯುತ್ತದೆ, ಒರೆಸಿ ಒಣಗಿಸಬೇಕು. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೆದಕಬೇಡಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಲ್ಲಿ ನೋಡಬಾರದು, ಮೊಣಕೈಯಲ್ಲಿ ನೋಡಬೇಕು. ಚಳಿಗೆ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂರುವ ಸುಖ ನಮ್ಮ ಮಲೆನಾಡಿನವರಿಗೆ ಬಿಡುವುದು ಕಷ್ಟ, ಆದರೂ ಬಿಟ್ಟೆ.

ಚಪ್ಪಲಿ ವಿಷಯ. ನಿಮ್ಮ ಅಪ್ಪಾಜಿಯ ಹವಾಯಿ ಚಪ್ಪಲಿ ಇವತ್ತೇ ಬಿಸಾಡಿ. ಹೆಬ್ಬೆರಳ ಸಂದಿನಲ್ಲಿ ಉಜ್ಜುತ್ತದೆ, ಹಿಡಿತಕ್ಕೆ ಬೆರಳು ಮಡಚಬೇಕು, ಮೊಳೆ ತೂರುತ್ತದೆ. ಹಿಂದೆ ಪಟ್ಟಿ ಇರುವ, ಮುಂದೆ ಅಗಲ ಇರುವ, ವೆಲ್ಕ್ರೋ ಹಾಕಿ ಸಡಿಲ ಬಿಗಿ ಮಾಡಬಹುದಾದ ಚಪ್ಪಲಿ ಬೇಕು. ಒಳಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರ್, ಅಡಿಗೆ ಗಟ್ಟಿ ಸೋಲು. ಸಂಜೆ ಹೋಗಿ ಕೊಳ್ಳಿ, ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. "ಟೈಟ್ ಇದ್ದರೆ ಬೀಳುವುದಿಲ್ಲ" ಅಂತ ಚಿಕ್ಕ ಸೈಜ್ ತೆಗೆದುಕೊಳ್ಳುವುದು ಸ್ಪರ್ಶ ಇಲ್ಲದವರು ಮಾಡುವ ದೊಡ್ಡ ತಪ್ಪು. ನಾನೂ ಮಾಡಿದ್ದೆ. ಹಾಕುವ ಮೊದಲು ಒಳಗೆ ಕೈ ಹಾಕಿ ನೋಡುವುದು, ತಿರುಗಿಸಿ ಅಡಿ ನೋಡುವುದು. ಆ ದಬ್ಬಣ ಅವತ್ತೇ ಸಿಗುತ್ತಿತ್ತು.

ನನಗೆ ಚಪ್ಪಲಿ ಹೊಲಿದುಕೊಟ್ಟವನು ಒಂದು ಕಥೆ ಹೇಳಿದ. ಈ ಎಂಸಿಆರ್ ಚಪ್ಪಲಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗಾಗಿ ಬೆಳೆದು ಬಂದದ್ದಂತೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಅಂತ ಸರ್ಜನ್ ಇದ್ದರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಎಲ್ಲರೂ ನಂಬಿದ್ದಾಗ, ಅಲ್ಲ, ನೋವು ಗೊತ್ತಾಗದ್ದರಿಂದ ಗಾಯ ಆಗಿ ಆಗಿ ಬೆರಳು ಹೋಗುತ್ತದೆ ಅಂತ ತೋರಿಸಿಕೊಟ್ಟವರು ಅವರು. ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಡಿದರೂ ರೋಗಿಗೆ ಎಚ್ಚರ ಆಗುತ್ತಿರಲಿಲ್ಲ. ಅದಕ್ಕೆ ಮನೆಗೆ ಹೋಗುವ ರೋಗಿಗಳ ಜೊತೆ ಒಂದು ಬೆಕ್ಕನ್ನೂ ಕಳಿಸುತ್ತಿದ್ದರಂತೆ. ನಿಮ್ಮ ಅಪ್ಪಾಜಿ ಸೀಸನ್‌ನಲ್ಲಿ ಅಂಗಡಿಯಲ್ಲೇ ಮಲಗುವುದುಂಟೇ? ಅದಕ್ಕೆ ಹೇಳಿದೆ.

ಉರಿ ಮಾತ್ರೆ ಬಗ್ಗೆ ಒಂದು ಮಾತು. ನನಗೆ ಪ್ರೀಗ್ಯಾಬಲಿನ್ ಕೊಟ್ಟಿದ್ದರು. ಉರಿ ಇಳಿಯಿತು, ಆದರೆ ತಲೆ ತೂಗುತ್ತಿತ್ತು. ಹಾಗಾಗಿ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟೆ. ಬೇಕಾದರೆ ನಿಲ್ಲಿಸಬಹುದು, ಅದೇನು ಶುಗರ್ ಮಾತ್ರೆ ಅಲ್ಲವಲ್ಲ.

ಡ್ರೆಸ್ಸಿಂಗ್‌ರೂಮ್

ಡ್ರೈವರ್ ಕಾಕಾ, ಎಲ್ಲ ಚೆನ್ನಾಗಿ ಹೇಳಿ ಕೊನೆಯ ಸಾಲಿನಲ್ಲಿ ಎಡವಿದಿರಿ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಡುಲಾಕ್ಸೆಟಿನ್, ಇವನ್ನು ಒಮ್ಮೆಲೇ ನಿಲ್ಲಿಸಬಾರದು. ನಿದ್ದೆ ಹೋಗುವುದು, ಮೈ ನಡುಕ, ಗಾಬರಿ ಎಲ್ಲ ಆಗಬಹುದು. ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ತೂಕಡಿಕೆ ಆದರೆ ಡೋಸ್ ಬದಲಿಸುತ್ತಾರೆ. ಮತ್ತೆ ಈ ಮಾತ್ರೆಗಳು ಉರಿ ಇಳಿಸುತ್ತವೆ ಅಷ್ಟೇ, ನರ ಕಟ್ಟುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ 14 ವರ್ಷದಿಂದ ಕಾಲು ಗಾಯದ ಡ್ರೆಸ್ಸಿಂಗ್ ಮಾಡುವ ನರ್ಸ್. ತಂಗಿ, ನೀವು ಇನ್ನೊಂದು ಪ್ರಶ್ನೆ ಕೇಳಿದ್ದಿರಿ, ಶುಗರ್ ಒಂದೇ ಕಾರಣವೇ ಅಂತ. ಅದನ್ನು ಯಾರೂ ಮುಟ್ಟಿಲ್ಲ.

ನಿಮ್ಮ ಪೋಸ್ಟಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೆಟ್‌ಫಾರ್ಮಿನ್ 12 ವರ್ಷ. ಒಳ್ಳೆಯ ಮಾತ್ರೆಯೇ, ನಿಲ್ಲಿಸಬೇಡಿ. ಆದರೆ ಬಹಳ ವರ್ಷ ತಿಂದರೆ ಊಟದಲ್ಲಿನ ಬಿ12 ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಅಪ್ಪಾಜಿ ಶಾಕಾಹಾರಿಯಾಗಿದ್ದರೆ ಇನ್ನೂ ಜಾಸ್ತಿ. ಕಾಳು, ಸೊಪ್ಪಿನಲ್ಲಿ ಬಿ12 ಇರುವುದಿಲ್ಲ, ಹಾಲು ಮೊಸರಿನಿಂದ ಸಿಗುವಷ್ಟೇ. ಬಿ12 ಕಡಿಮೆಯಾದರೂ ಕಾಲು ಜೋಮು, ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು, ಎಲ್ಲ ಶುಗರಿನ ಹಾಗೆಯೇ. ಲಿವರಿನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ಸಂಗ್ರಹ ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಶುಗರಿನ ಪೆಟ್ಟನ್ನು ಹಿಂದಕ್ಕೆ ತರುವುದು ಕಷ್ಟ. ಬಿ12 ಕೊರತೆಯನ್ನು ಬೇಗ ಹಿಡಿದರೆ ನರ ಚೇತರಿಸಿಕೊಳ್ಳಬಹುದು. ಅದಕ್ಕೇ ಮೊದಲು ಇದನ್ನು ನೋಡಿಸಿ ಅನ್ನುವುದು. ಸಾಮಾನ್ಯವಾಗಿ ರಿಪೋರ್ಟಿನಲ್ಲಿ 200ಕ್ಕಿಂತ ಕೆಳಗೆ ಬಂದರೆ ಕಡಿಮೆ ಅಂತ ಹಿಡಿಯುತ್ತಾರೆ.

ಜೊತೆಗೆ ಥೈರಾಯ್ಡ್, ಕಿಡ್ನಿ, ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಕೂಡ. ಕುಡಿಯುವ ಅಭ್ಯಾಸ ಇದ್ದರೆ ನಾಚಿಕೆ ಇಲ್ಲದೆ ಡಾಕ್ಟರಿಗೆ ಹೇಳಬೇಕು, ಹೆಂಡ ನೇರವಾಗಿ ನರಕ್ಕೆ ಹೊಡೆಯುತ್ತದೆ. ಟಿಬಿಗೆ ಐಸೋನಿಯಾಜಿಡ್ ತಿಂದಿದ್ದರೆ, ಕ್ಯಾನ್ಸರಿಗೆ ಕೀಮೋ ಆಗಿದ್ದರೆ ಅದೂ ಕಾರಣ ಆಗಬಹುದು. ಟಿಬಿ ಮಾತ್ರೆ ಜೊತೆ ಬಿ6 ಕೊಡುವುದು ಅದಕ್ಕೇ. ಹಾಗಂತ "ನರದ ಮಾತ್ರೆ" ಅಂತ ಬಿ6 ಅನ್ನು ಮನಸ್ಸಿಗೆ ಬಂದಷ್ಟು ನುಂಗಿದರೆ ಅದೇ ಬಿ6 ನರ ಕೆಡಿಸುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಮೈಮೇಲೆ ಎಲ್ಲಾದರೂ ಮಾಸಿದ ಬಣ್ಣದ, ಸ್ಪರ್ಶ ಇಲ್ಲದ ಮಚ್ಚೆ ಇದೆಯೇ ಅಂತಲೂ ನೋಡಿ. ಕುಷ್ಠ ಇನ್ನೂ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಗುಣವೂ ಆಗುತ್ತದೆ.

ಒಂದೇ ಕಾಲಿಗೆ, ಸೊಂಟದಿಂದ ಎಳೆದ ಹಾಗೆ ಜೋಮು ಬಂದರೆ ಅದು ಬೆನ್ನಿನ ಡಿಸ್ಕ್ ಇರಬಹುದು. ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಅಂದರೆ ರಕ್ತ ಓಡಾಟದ ತೊಂದರೆ. ಇದನ್ನು ತಿಳಿಯಲು ಕೈಯ ಬಿಪಿ ಮತ್ತು ಕಾಲಿನ ಗಿಣ್ಣಿನ ಬಿಪಿ ಎರಡನ್ನೂ ಹೋಲಿಸಿ ನೋಡುತ್ತಾರೆ. ನರವೂ ಹೋಗಿ ರಕ್ತವೂ ಕಡಿಮೆ ಇದ್ದರೆ ಗಾಯ ಮಾಯುವುದೇ ಇಲ್ಲ, ಆದ್ದರಿಂದ ಕೇಳಿ ಮಾಡಿಸಿ.

ಪಾದದ ಪರೀಕ್ಷೆಯಲ್ಲಿ ನೋವೇನೂ ಇಲ್ಲ. ಮೀನು ಹಿಡಿಯುವ ದಾರದಂಥ ನೈಲಾನ್ ಎಳೆಯಿಂದ ಅಂಗಾಲು ಒತ್ತುತ್ತಾರೆ. ಅದು ಬಾಗುವಾಗ ಬೀಳುವ ಭಾರ 10 ಗ್ರಾಂ. ಅದು ಗೊತ್ತಾಗದಿದ್ದರೆ ಹುಣ್ಣು ಆಗುವ ಅಪಾಯದ ಗುಂಪಿಗೆ ಸೇರಿದಿರಿ ಅಂತ. ಇನ್ನೊಂದು, ಸೆಕೆಂಡಿಗೆ 128 ಸಲ ನಡುಗುವ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಹೆಬ್ಬೆರಳ ಮೂಳೆಗೆ ಹಿಡಿದು ನಡುಕ ತಿಳಿಯುತ್ತದೆಯೇ ಅಂತ ಕೇಳುವುದು.

ಒಂದು ಎಚ್ಚರಿಕೆ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಗೆ, ಬಿಸಿಯಾಗಿ ಊದಿಕೊಂಡು, ನೋವು ಅಷ್ಟಾಗಿ ಇಲ್ಲದಿದ್ದರೆ "ಉಳುಕಿರಬೇಕು" ಅಂತ ತಿಕ್ಕುತ್ತಾ ಕೂರಬೇಡಿ. ಸ್ಪರ್ಶ ಇಲ್ಲದ ಪಾದದಲ್ಲಿ ಸಣ್ಣ ಮೂಳೆಗಳು ಒಳಗೊಳಗೇ ಮುರಿದು ಕೂತಿರುತ್ತವೆ. ನಡೆದಷ್ಟೂ ಪಾದದ ಕಮಾನು ಕುಸಿಯುತ್ತದೆ. ಅಂಥ ಕಾಲನ್ನು ಎಷ್ಟೋ ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ನಮ್ಮ ಹತ್ತಿರ ತಂದಿದ್ದಾರೆ.

ಮೊಸರನ್ನ

ನನಗೆ ಶುಗರ್ ಇಲ್ಲ, ವಯಸ್ಸು 31, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ಸಿಸ್ಟರ್ ಹೇಳಿದ್ದಕ್ಕೆ ನಾನೇ ಸಾಕ್ಷಿ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ವಾಲುತ್ತಿದ್ದೆ. ಬಚ್ಚಲಿನ ಗೋಡೆ ಹಿಡಿದುಕೊಳ್ಳಬೇಕಿತ್ತು. ಕಾಲು ಯಾವಾಗಲೂ ಜೋಮು. ಕೂತು ಕೂತು ಹೀಗಾಗಿದೆ ಅಂತ ದುಬಾರಿ ಕುರ್ಚಿ ಬೇರೆ ಕೊಂಡೆ. ಬಿ12 ನೋಡಿಸಿದರೆ 109. ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ. ಜೋಮು ಪೂರ್ತಿ ಹೋಗಲು ನಾಲ್ಕು ತಿಂಗಳು ಬೇಕಾಯಿತು. ಕುರ್ಚಿ ಇನ್ನೂ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಬ್ಯಾಡಗಿಮಗಳು

ಎಲ್ಲರಿಗೂ ಕೈಮುಗಿದೆ. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಕಾಕಾ, ನಿಮ್ಮ ಉತ್ತರದ ಮೊದಲ ನಾಲ್ಕು ಸಾಲು ಓದಿ ಫೋನ್ ಕೆಳಗಿಟ್ಟೆ. ಅಂಗಡಿಗೆ ಹೋಗಿ ಅಪ್ಪಾಜಿಯನ್ನು ಹಮಾಲರ ಗಾಡಿಯಲ್ಲೇ ಕೂರಿಸಿಕೊಂಡು ಬಂದೆವು. ಅಲ್ಲಿಂದ ಹುಬ್ಬಳ್ಳಿಗೆ. ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಷ್ಟು ತುಂಡು ಒಳಗೇ ಇತ್ತು. ತೆಗೆದು ತೊಳೆದರು. ಕೀವು ಆಗಲೇ ಶುರುವಾಗಿತ್ತು, ಆದರೆ ಮೂಳೆಗೆ ಹೋಗಿಲ್ಲ ಅಂದರು. ಇಂಜೆಕ್ಷನ್, ಆಂಟಿಬಯಾಟಿಕ್ ಆಯಿತು. ಇವತ್ತಿಗೆ ಗಾಯ ಅರ್ಧ ಕೂಡಿದೆ.

ನೈಲಾನ್ ಎಳೆಯ ಪರೀಕ್ಷೆ ನೋಡುವಾಗ ನನಗೆ ಅಳು ಬಂತು. ಅಪ್ಪಾಜಿಗೆ ಕಣ್ಣು ಮುಚ್ಚಲು ಹೇಳಿ, ತಾಕಿದಾಗ ಹೂಂ ಅನ್ನಿ ಅಂದರು. ಡಾಕ್ಟರು ಒತ್ತಿದಾಗ ಸುಮ್ನೆ ಇದ್ದರು. ಎಳೆ ಕೈಯಲ್ಲೇ ಇದ್ದಾಗ, "ಹೂಂ, ಈಗ ತಾಕಿತು ನೋಡ್ರಿ" ಅಂದರು. ಪಾಸಾಗಬೇಕು ಅಂತ ಅಂದಾಜಿಗೆ ಹೇಳುತ್ತಿದ್ದರು. ಬಲಗಾಲಿನಲ್ಲಿ ಹತ್ತು ಕಡೆ ಒತ್ತಿದರೆ ಮೂರು ಕಡೆ ಮಾತ್ರ ನಿಜವಾಗಿ ತಿಳಿಯಿತು.

ಮೂರು ತಿಂಗಳ ಶುಗರ್ 9.4, ಜಾಸ್ತಿಯೇ. ಬಿ12 ಬಂದದ್ದು 162. ಸಿಸ್ಟರ್, ನೀವು ಹೇಳಿದ ಹಾಗೆಯೇ. ಶುಗರನ್ನು ಒಮ್ಮೆಗೇ ಕೆಳಗೆ ಎಳೆಯುವುದು ಬೇಡ, ಬಹಳ ಬೇಗ ಇಳಿಸಿದರೂ ಕೆಲವರಿಗೆ ನರದ ಉರಿ ಎದ್ದುಬಿಡುತ್ತದೆ, ನಿಧಾನಕ್ಕೆ ತರೋಣ ಅಂದರು. ಬಿ12 ಇಂಜೆಕ್ಷನ್ ಶುರುವಾಗಿದೆ. ಎಷ್ಟು ವಾಪಸ್ ಬರುತ್ತದೆ ಅಂತ ಕೇಳಿದ್ದಕ್ಕೆ, "ಇರುವುದನ್ನು ಉಳಿಸಿಕೊಳ್ಳೋಣ, ಬಿ12 ಪಾಲಿನದು ಬಂದರೆ ಲಾಭ" ಅಂದರು. ಬೈಕ್ ಕೀಲಿ ಅವ್ವನ ಸೆರಗಿನ ಗಂಟಿಗೆ ಸೇರಿದೆ.

ಜಗಳ ಆದದ್ದು ಚಪ್ಪಲಿಗೆ. ಹೊರಗೆ ಹಾಕಲು ಒಪ್ಪಿದರು. ಆದರೆ ಅಂಗಡಿಯ ಗದ್ದುಗೆ ಹತ್ತಿರ ಲಕ್ಷ್ಮಿ ಫೋಟೋ ಇದೆ, 30 ವರ್ಷದಿಂದ ಅಲ್ಲಿ ಬರಿಗಾಲು. ಅಲ್ಲೇ ದಬ್ಬಣ, ತಂತಿ, ಚೀಲದ ಪಿನ್ನು ಎಲ್ಲ ಬಿದ್ದಿರುವುದು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವ್ವ ಏನು ಮಾಡಿದಳು ಗೊತ್ತೇ? ಎರಡನೇ ಜೊತೆ ಎಂಸಿಆರ್ ಚಪ್ಪಲಿ ತರಿಸಿ, ಬೀದಿಗೆ ತಾಗಿಸದೆ ಡಬ್ಬಿಯಲ್ಲೇ ಅಂಗಡಿಗೆ ಒಯ್ದು, ಲಕ್ಷ್ಮಿ ಮುಂದೆ ಇಟ್ಟು ಕುಂಕುಮ ಹಚ್ಚಿ, "ಇವು ಒಳಗಿನವು, ಹೊಸ್ತಿಲು ದಾಟೋದಿಲ್ಲ" ಅಂದಳು. ಅಪ್ಪಾಜಿ ಬಾಯಿ ಬಿಡಲಿಲ್ಲ, ಹಾಕಿಕೊಂಡರು. ಅಂಗಡಿಗೆ ಒಂದು ಬೆಕ್ಕನ್ನೂ ತಂದಿದ್ದಾರೆ. ಆ ಕಥೆ ಅವರಿಗೆ ಬಹಳ ಹಿಡಿಸಿತು.

ಕಾಕಾ, ಒಂದು ಕೇಳುವುದಿತ್ತು. ಆ ಬಸ್ಸಿನ ಕನ್ನಡಿ ಎಲ್ಲಿ ಸಿಗುತ್ತದೆ? ಅವ್ವನ ಕೈಗನ್ನಡಿ ಚಿಕ್ಕದು, ಅಪ್ಪಾಜಿ ಅದರಲ್ಲಿ ನೋಡಲು ಒಲ್ಲೆ ಅನ್ನುತ್ತಾರೆ. ಬಸ್ಸಿನದ್ದಾದರೆ ನೋಡುತ್ತಾರಂತೆ.

ಹಳೇಡ್ರೈವರ್

ಬಹಳ ಸಮಾಧಾನ ಆಯಿತಮ್ಮ. ಸಿಸ್ಟರ್ ಅವರೇ, ಮಾತ್ರೆ ವಿಷಯಕ್ಕೆ ಕಿವಿ ಹಿಡಿದುಕೊಂಡೆ.

ಕನ್ನಡಿ ಹುಬ್ಬಳ್ಳಿಯಲ್ಲಿ ಹಳೇ ಗಾಡಿ ಸಾಮಾನು ಮಾರುವ ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಡ್ರೈವರ್ ತಲೆಯ ಮೇಲೆ, ಒಳಗೆ ಇರುತ್ತದಲ್ಲ, ಉದ್ದಕ್ಕೆ ಇರುವ ಚಪ್ಪಟೆ ಕನ್ನಡಿ, ಅದನ್ನು ಕೇಳಿ. ಬಾಗಿಲ ಪಕ್ಕದ ಉಬ್ಬು ಕನ್ನಡಿ ಕೊಡಲು ಬಂದರೆ ಬೇಡ ಅನ್ನಿ. ಅದರಲ್ಲಿ ಎಲ್ಲವೂ ಇರುವುದಕ್ಕಿಂತ ಚಿಕ್ಕದಾಗಿ, ದೂರ ಇರುವ ಹಾಗೆ ಕಾಣುತ್ತದೆ. ಗಾಯವೂ ಹಾಗೇ ಕಾಣುತ್ತದೆ.